ಹಳೆಯ ಲಾರಿ ಸ್ಟಾರ್ಟ್ ಆಗದಿದ್ದರೆ ಸೆಲ್ಫ್ ಹೊಡೆಯುತ್ತಲೇ ಅಳೆಯಬೇಕು

ನನ್ನ ಬಳಿ 1950ರ ದಶಕದ ಆರಂಭದ ಪೆಟ್ರೋಲ್ ಲಾರಿಯೊಂದಿದೆ. ಆರು ಸಿಲಿಂಡರ್, ಆರು ವೋಲ್ಟಿನ ಬ್ಯಾಟರಿ, ಕಾಲಿನಿಂದ ಒತ್ತುವ ಸೆಲ್ಫ್ ಪೆಡಲ್. ಅದರ ಇಂಜಿನನ್ನು ಬಿಚ್ಚಿ ಕಟ್ಟಿ, ಛಾಸಿಗೆ ಎರಡು ಕೋಟ್ ಬಣ್ಣ ಬಳಿದು, ವೈರಿಂಗನ್ನು ಪೂರ್ತಿ ಹೊಸದಾಗಿ ಎಳೆದು ನಿಲ್ಲಿಸಿದ ಮೇಲೆ ಅದು ಮೂರು ವಾರಗಳ ಕಾಲ ಸ್ಟಾರ್ಟ್ ಆಗಲೇ ಇಲ್ಲ. ಸೆಲ್ಫ್ ತಿರುಗುತ್ತಿತ್ತು, ಪ್ಲಗ್ಗಿನಲ್ಲಿ ಕಿಡಿ ಕಾಣುತ್ತಿತ್ತು, ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಇತ್ತು. ಆ ಮೂರು ವಾರಗಳಲ್ಲಿ ನಾನು ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಹುಟ್ಟಿಸುವ ಕಾಯಿಲ್ ಬದಲಿಸಿದೆ, ಕಂಡೆನ್ಸರನ್ನು ಎರಡು ಸಲ ಬದಲಿಸಿದೆ, ಕಾರ್ಬೊರೇಟರನ್ನು ನಾಲ್ಕು ಸಲ ಬಿಚ್ಚಿ ಜೋಡಿಸಿದೆ, ಟೈಮಿಂಗನ್ನು, ಅಂದರೆ ಕಿಡಿ ಹಾರಬೇಕಾದ ಕ್ಷಣವನ್ನು, ಎಷ್ಟು ಸಲ ಕೂರಿಸಿದೆನೋ ಲೆಕ್ಕವಿಟ್ಟಿಲ್ಲ. ಕೊನೆಗೆ ಸಿಕ್ಕ ಕಾರಣ ಒಂದು ನಾಣ್ಯದಷ್ಟು ಅಗಲದ ಜಾಗದಲ್ಲಿ ಅಡಗಿತ್ತು. ಅದನ್ನು ಹುಡುಕುವಾಗ ಕಲಿತ ಕ್ರಮವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಹಳೆಯ ಲಾರಿಗಳನ್ನು ಪ್ರೀತಿಯಿಂದ ಉಳಿಸಿಕೊಂಡವರಲ್ಲಿ ಬಹಳ ಮಂದಿ ನಾನು ಎಡವಿದ ಜಾಗದಲ್ಲಿಯೇ ಎಡವುವುದನ್ನು ನೋಡಿದ್ದೇನೆ: ಇಂಜಿನ್ ಸುಮ್ಮನೆ ನಿಂತಿರುವಾಗ ಎಲ್ಲವನ್ನೂ ಪರೀಕ್ಷಿಸಿ, ಎಲ್ಲವೂ ಸರಿಯಾಗಿದೆ ಎಂದು ನಂಬಿ, ಆಮೇಲೆ ಅದು ಏಕೆ ಹೊತ್ತಿಕೊಳ್ಳುವುದಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಸ್ಟಾರ್ಟ್ ಆಗುತ್ತಿಲ್ಲ ಎನ್ನುವುದು ಜ್ವರ ಬಂದಿದೆ ಎಂದು ಹೇಳಿದಂತೆ; ಅದು ಲಕ್ಷಣವೇ ಹೊರತು ರೋಗದ ಹೆಸರಲ್ಲ. ಹಳೆಯ ಇಂಜಿನ್ ನಾಲ್ಕು ಬಗೆಯಲ್ಲಿ ಹಟ ಹಿಡಿಯುತ್ತದೆ. ಸೆಲ್ಫ್ ಒತ್ತಿದರೆ ಅದು ಅಲುಗುವುದೇ ಇಲ್ಲ. ಅಥವಾ ಏದುಸಿರು ಬಿಡುತ್ತಾ ನಿಧಾನವಾಗಿ ತಿರುಗುತ್ತದೆ. ಅಥವಾ ಚುರುಕಾಗಿ ತಿರುಗಿದರೂ ಒಂದು ಸಲವೂ ಹೊತ್ತಿಕೊಳ್ಳುವುದಿಲ್ಲ. ಅಥವಾ ಹೊತ್ತಿಕೊಂಡು ಎರಡು ಸೆಕೆಂಡಿನಲ್ಲಿ ನಿಂತುಹೋಗುತ್ತದೆ. ಈ ನಾಲ್ಕೂ ಬೇರೆ ಬೇರೆ ಜಾಗಗಳತ್ತ ಬೆರಳು ತೋರಿಸುತ್ತವೆ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಇವುಗಳಲ್ಲಿ ತನ್ನದು ಯಾವುದು ಎಂದು ತೀರ್ಮಾನಿಸಿಕೊಂಡವನಿಗೆ ಅರ್ಧ ಕೆಲಸ ಉಳಿತಾಯವಾಗುತ್ತದೆ. ನಾನು ಹಾಗೆ ಮಾಡಿರಲಿಲ್ಲ. ಪೆಡಲ್ ಒತ್ತುತ್ತಿದ್ದ ನನ್ನ ತಮ್ಮ ಮೂರನೆಯ ವಾರದ ಕೊನೆಗೆ ಒಂದು ಮಾತು ಹೇಳಿದ: "ಅಣ್ಣಾ, ಪೆಡಲ್ ಒತ್ತಿ ಹಿಡಿದಷ್ಟು ಹೊತ್ತು ಇದು ಉಸಿರೇ ಎತ್ತುವುದಿಲ್ಲ. ಕಾಲು ತೆಗೆದ ತಕ್ಷಣ ಒಂದು ಸಲ ಕೆಮ್ಮುತ್ತದೆ, ನೋಡು." ನಾನು ಬಾನೆಟ್ಟಿನ ಬಳಿ ನಿಂತು ಕಾರ್ಬೊರೇಟರಿನ ಬಾಯನ್ನೇ ನೋಡುತ್ತಿದ್ದವನು ಆ ಕೆಮ್ಮನ್ನು ಕೇಳಿದ್ದೆ, ಆದರೆ ಅದು ಯಾವ ಕ್ಷಣದಲ್ಲಿ ಬರುತ್ತಿದೆ ಎಂಬುದನ್ನು ಗಮನಿಸಿರಲಿಲ್ಲ.

ಆ ಕ್ಷಣದಲ್ಲಿಯೇ ಇಡೀ ಉತ್ತರವಿತ್ತು. ಸೆಲ್ಫ್ ಹೊಡೆಯುವಾಗ ಇಂಜಿನ್ ಹೊತ್ತಿಕೊಳ್ಳದೆ, ಬಿಟ್ಟ ಮರುಗಳಿಗೆಯಲ್ಲಿ ಹೊತ್ತಿಕೊಳ್ಳಲು ಯತ್ನಿಸಿದರೆ, ಸೆಲ್ಫ್ ಮೋಟಾರ್ ಕಿಡಿಯ ಪಾಲಿನ ವಿದ್ಯುತ್ತನ್ನು ಕಸಿದುಕೊಳ್ಳುತ್ತಿದೆ ಎಂದೇ ಅರ್ಥ. ಕಾಲು ತೆಗೆದಾಗ ಆ ಭಾರ ಇಳಿಯುತ್ತದೆ, ಫ್ಲೈವೀಲ್ ಇನ್ನೂ ಒಂದೆರಡು ಸುತ್ತು ತಿರುಗುತ್ತಿರುತ್ತದೆ, ಅಷ್ಟರಲ್ಲಿ ಕಾಯಿಲಿಗೆ ಪೂರ್ಣ ವೋಲ್ಟೇಜ್ ಸಿಕ್ಕಿ ಒಂದು ಸಿಲಿಂಡರ್ ಉರಿಯುತ್ತದೆ. ಇದರ ಬೇರು ಈ ವ್ಯವಸ್ಥೆಯ ಹುಟ್ಟಿನಲ್ಲಿಯೇ ಇದೆ. ಮ್ಯಾಗ್ನೆಟೋ ಇದ್ದ ಕಾಲದ ಇಂಜಿನ್‌ಗಳಲ್ಲಿ ಕಿಡಿಗೂ ಬ್ಯಾಟರಿಗೂ ಸಂಬಂಧವಿರಲಿಲ್ಲ. ಕೈಯಿಂದ ಹ್ಯಾಂಡಲ್ ಹೊಡೆದರೆ ಮ್ಯಾಗ್ನೆಟೋ ತನ್ನ ಕಿಡಿಯನ್ನು ತಾನೇ ಹುಟ್ಟಿಸುತ್ತಿತ್ತು. ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ 1910ರ ಕ್ಯಾಡಿಲಾಕ್ ಕಾರುಗಳಲ್ಲಿಯೂ, ಅವರದೇ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲಾಕ್‌ನಲ್ಲಿಯೂ ಬಂದ ಮೇಲೆ ಎರಡೂ ಒಂದೇ ಬ್ಯಾಟರಿಯನ್ನು ಹಂಚಿಕೊಳ್ಳತೊಡಗಿದವು. ಒಂದಕ್ಕೆ ಇನ್ನೂರು ಮುನ್ನೂರು ಆಂಪಿಯರ್ ಬೇಕು, ಇನ್ನೊಂದಕ್ಕೆ ನಾಲ್ಕೈದು ಆಂಪಿಯರ್ ಸಾಕು. ದಾರಿಯಲ್ಲಿ ಎಲ್ಲಾದರೂ ಅಡ್ಡಿಯಿದ್ದರೆ ಮೊದಲು ಸೊರಗುವುದು ಕಿಡಿ.

ಮರುದಿನ ಬೆಳಿಗ್ಗೆ ತಮ್ಮ ಪೆಡಲ್ ಒತ್ತಿದ, ನಾನು ಮೀಟರ್ ಹಿಡಿದೆ. ಸೆಲ್ಫ್ ಹೊಡೆಯುತ್ತಿದ್ದಾಗ ಬ್ಯಾಟರಿಯ ಎರಡು ಕಂಬಗಳ ನಡುವೆ 5.2 ವೋಲ್ಟ್ ಇತ್ತು. ಆರು ವೋಲ್ಟಿನ ಬ್ಯಾಟರಿಗೆ ಅದು ಒಳ್ಳೆಯ ಅಂಕಿಯೇ. ಕಾಯಿಲಿನ ಸ್ವಿಚ್ ಕಡೆಯ ತುದಿಗೂ ಇಂಜಿನ್ ಬ್ಲಾಕಿಗೂ ನಡುವೆ ಅಳೆದರೆ 3.8 ಮಾತ್ರ. ಸೆಲ್ಫ್ ಬಿಟ್ಟ ಕೂಡಲೇ ಅದು 6.2ಕ್ಕೆ ಜಿಗಿಯಿತು. ಕಾಯಿಲಿನಲ್ಲಿ ಕೂಡಿಟ್ಟುಕೊಳ್ಳುವ ಶಕ್ತಿ ಅದರೊಳಗೆ ಹರಿಯುವ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, 6.2ರ ಬದಲು 3.8 ವೋಲ್ಟ್ ಸಿಕ್ಕಾಗ ಕಿಡಿಯ ಬಲ ಐದರಲ್ಲಿ ಎರಡು ಪಾಲಿಗಿಂತಲೂ ಕೆಳಗೆ ಇಳಿಯುತ್ತದೆ. ನಾನು ಮೂರು ವಾರ ನೋಡುತ್ತಿದ್ದ ಕಿಡಿ ಸುಳ್ಳಲ್ಲ, ಆದರೆ ಇಂಜಿನ್ ನಿಂತಿದ್ದಾಗ ಕಾಯಿಲಿನ ವಿದ್ಯುತ್ತನ್ನು ಕಡಿದು ಕೂಡಿಸುವ ಪಾಯಿಂಟನ್ನು ಸ್ಕ್ರೂಡ್ರೈವರಿನಿಂದ ತೆರೆದು ಮುಚ್ಚಿ ನೋಡಿದ ಕಿಡಿ ಅದು. ಸಿಲಿಂಡರಿನೊಳಗೆ ಒತ್ತಿ ಹಿಡಿದ ಗಾಳಿಯ ನಡುವೆ, ಸೆಲ್ಫ್ ಭಾರ ಹೊತ್ತಿರುವಾಗ ಹಾರಬೇಕಾದ ಕಿಡಿಯೇ ಬೇರೆ.

ಉಳಿದ 1.4 ವೋಲ್ಟ್ ಎಲ್ಲಿ ಹೋಯಿತು ಎಂದು ಹುಡುಕುವ ವಿಧಾನ ಸರಳವಾಗಿದೆ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಕಂಬದ ಮೇಲೆಯೇ ಇಡಬೇಕು; ಕಂಬವನ್ನು ಹಿಡಿದಿರುವ ಕ್ಲ್ಯಾಂಪಿನ ಮೇಲೆ ಇಟ್ಟರೆ ಅವೆರಡರ ನಡುವಿನ ಕಿಲುಬು ಲೆಕ್ಕಕ್ಕೆ ಸಿಗುವುದಿಲ್ಲ. ಇನ್ನೊಂದು ಕಡ್ಡಿಯನ್ನು ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ ಇಟ್ಟು, ಸೆಲ್ಫ್ ಹೊಡೆಸಿ, ಬರುವ ಅಂಕಿಯನ್ನು ನೋಡಬೇಕು. ದಾರಿ ಶುದ್ಧವಾಗಿದ್ದರೆ ಒಂದೊಂದು ಜೋಡಣೆಯಲ್ಲಿ 0.2 ವೋಲ್ಟಿಗಿಂತ ಹೆಚ್ಚು ಕಳೆದುಹೋಗಬಾರದು. ನನ್ನ ಲಾರಿಯಲ್ಲಿ ಆ ಕಡೆ 0.2 ಬಂತು. ಆಮೇಲೆ ಅರ್ಥ್ ಕಡೆಯನ್ನು, ಅಂದರೆ ವಿದ್ಯುತ್ತು ಇಂಜಿನ್ ಮತ್ತು ಛಾಸಿಯ ಕಬ್ಬಿಣದ ಮೂಲಕ ಬ್ಯಾಟರಿಗೆ ಮರಳುವ ದಾರಿಯನ್ನು, ಅದೇ ರೀತಿ ಅಳೆದೆ: ಬ್ಯಾಟರಿಯ ಅರ್ಥ್ ಕಂಬಕ್ಕೆ ಒಂದು ಕಡ್ಡಿ, ಇಂಜಿನ್ ಬ್ಲಾಕಿನ ಬರಿ ಕಬ್ಬಿಣಕ್ಕೆ ಇನ್ನೊಂದು. 1.2 ವೋಲ್ಟ್. ಲೆಕ್ಕ ಸರಿಹೋಯಿತು.

ಲಾರಿಯ ಇಂಜಿನ್ ರಬ್ಬರ್ ಮೌಂಟಿಂಗುಗಳ ಮೇಲೆ ಕೂತಿರುತ್ತದೆ. ರಬ್ಬರ್ ವಿದ್ಯುತ್ತನ್ನು ಬಿಡುವುದಿಲ್ಲವಾದ್ದರಿಂದ ಬ್ಲಾಕಿನಿಂದ ಛಾಸಿಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಆ ಪಟ್ಟಿಯನ್ನು ನಾನೇ ಹೊಸದಾಗಿ ತಂದು, ನಾನೇ ಬಳಿದ ಎರಡು ಕೋಟ್ ಬಣ್ಣದ ಮೇಲೆ ಕೂರಿಸಿ, ಹೊಳೆಯುವ ಬೋಲ್ಟ್ ಹಾಕಿ ಬಿಗಿದಿದ್ದೆ. ಬೋಲ್ಟಿನ ಎಳೆಗಳು ಕಬ್ಬಿಣವನ್ನು ಅಲ್ಲಲ್ಲಿ ಮುಟ್ಟುತ್ತಿದ್ದವು, ಅಷ್ಟೇ. ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿದಾಗ ಅದು ಪ್ರಕಾಶಮಾನವಾಗಿ ಉರಿದದ್ದೂ ಇದರಿಂದಲೇ. ಲ್ಯಾಂಪಿಗೆ ಬೇಕಾದ ವಿದ್ಯುತ್ತು ಒಂದೇ ಒಂದು ಎಳೆ ತಂತಿಯ ಮೂಲಕವೂ ಬಂದುಬಿಡುತ್ತದೆ. ಬೋಲ್ಟ್ ಬಿಚ್ಚಿ, ಛಾಸಿಯ ಮೇಲೆ ಪಟ್ಟಿ ಕೂರುವ ನಾಣ್ಯದಗಲದ ಜಾಗದಲ್ಲಿ ಬಣ್ಣವನ್ನು ಕೆರೆದು, ಅದರ ಕೆಳಗಿನ ಕೆಂಪು ಪ್ರೈಮರನ್ನೂ ಕೆರೆದು, ಬಿಳಿಯ ಕಬ್ಬಿಣ ಹೊಳೆಯುವವರೆಗೆ ಉಜ್ಜಿದೆ. ಪಟ್ಟಿಯನ್ನು ಮತ್ತೆ ಬಿಗಿದು, ಗಾಳಿ ತೇವ ತಾಗದಂತೆ ಮೇಲಿನಿಂದ ಗ್ರೀಸ್ ಹಚ್ಚಿದೆ. ತಮ್ಮ ಪೆಡಲ್ ಒತ್ತಿದ. ಸೆಲ್ಫಿನ ಸದ್ದೇ ಬದಲಾಗಿತ್ತು, ಇಂಜಿನ್ ಎರಡು ಪಟ್ಟು ಚುರುಕಾಗಿ ತಿರುಗಿ, ಮೂರನೆಯ ಸುತ್ತಿಗೆ ಹೊತ್ತಿಕೊಂಡಿತು. ಕಾಯಿಲಿನ ಬಳಿ ಈಗ ಸೆಲ್ಫ್ ಹೊಡೆಯುವಾಗ 4.8 ವೋಲ್ಟ್ ಇರುತ್ತದೆ.

ಆರು ವೋಲ್ಟಿನ ಲಾರಿಗಳಲ್ಲಿ ಈ ತೊಂದರೆ ಇಷ್ಟು ತೀವ್ರವಾಗಿರುವುದಕ್ಕೆ ಲೆಕ್ಕವಿದೆ. ಅದೇ ಶಕ್ತಿಯನ್ನು ಆರು ವೋಲ್ಟಿನಲ್ಲಿ ಪಡೆಯಬೇಕಾದರೆ ಹನ್ನೆರಡು ವೋಲ್ಟಿನ ಎರಡರಷ್ಟು ಆಂಪಿಯರ್ ಬೇಕು. ಒಂದೇ ಕೇಬಲ್ಲಿನಲ್ಲಿ ಎರಡರಷ್ಟು ಆಂಪಿಯರ್ ಹರಿದರೆ ಕಳೆದುಹೋಗುವ ವೋಲ್ಟ್ ಇಮ್ಮಡಿಯಾಗುತ್ತದೆ, ಇರುವ ವೋಲ್ಟೇ ಅರ್ಧವಾದ್ದರಿಂದ ನಷ್ಟದ ಪಾಲು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಇಂದಿನ ಹನ್ನೆರಡು ವೋಲ್ಟಿನ ವಾಹನಗಳಿಗೆ ಮಾಡಿದ ತೆಳುವಾದ ಬ್ಯಾಟರಿ ಕೇಬಲನ್ನು ಹಳೆಯ ಆರು ವೋಲ್ಟಿನ ಲಾರಿಗೆ ಹಾಕುವುದು ದೊಡ್ಡ ತಪ್ಪು. ನೋಡಲು ಹೊಸದಾಗಿ, ಅಚ್ಚುಕಟ್ಟಾಗಿ ಇರುತ್ತದೆ, ಸೆಲ್ಫ್ ಮಾತ್ರ ಮಂಕಾಗುತ್ತದೆ. ಅಮೆರಿಕದ ಲಾರಿ ತಯಾರಕರು 1950ರ ದಶಕದ ನಡುವೆ ಹನ್ನೆರಡು ವೋಲ್ಟಿಗೆ ಹೊರಳಿದರು. ಅದಕ್ಕೂ ಹಿಂದಿನ ಲಾರಿಯಾದರೆ ಕಿರುಬೆರಳಿನಷ್ಟಾದರೂ ದಪ್ಪನೆಯ ತಾಮ್ರದ ಕೇಬಲ್ ಇರಬೇಕು. ಹನ್ನೆರಡು ವೋಲ್ಟಿನ ಬ್ಯಾಟರಿಯಾದರೆ ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವಾಗ 12.6 ವೋಲ್ಟ್ ಇರುತ್ತದೆ, ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಆರು ವೋಲ್ಟಿನದಾದರೆ ಈ ಅಂಕಿಗಳ ಅರ್ಧ. ಬ್ಯಾಟರಿಯನ್ನು ಕೂರಿಸುವ ಮೊದಲು ಲಾರಿಯಲ್ಲಿ ಪಾಸಿಟಿವ್ ಅರ್ಥ್ ಇದೆಯೋ ನೆಗೆಟಿವ್ ಅರ್ಥ್ ಇದೆಯೋ ಎಂದು ನೋಡಿಕೊಳ್ಳಲೇಬೇಕು, ಹಳೆಯ ಲಾರಿಗಳಲ್ಲಿ ಎರಡೂ ಇದ್ದವು.

ಕಾಲಿನ ಪೆಡಲ್ಲಿನ ಸೆಲ್ಫ್ ಇರುವ ಲಾರಿಗಳಲ್ಲಿ ಇನ್ನೊಂದು ಜಾಗವನ್ನು ಮರೆಯಬಾರದು. ಪೆಡಲ್ ಒತ್ತಿದಾಗ ಅದರ ಕೆಳಗಿನ ದಪ್ಪ ತಾಮ್ರದ ಬಿಲ್ಲೆ ಎರಡು ಬೋಲ್ಟುಗಳನ್ನು ಕೂಡಿಸುತ್ತದೆ. ದಶಕಗಳ ಕಾಲ ಕಿಡಿ ಹಾರಿ ಆ ಬಿಲ್ಲೆ ಕಪ್ಪಾಗಿ ಗುಳಿಬಿದ್ದಿರುತ್ತದೆ. ಸೆಲ್ಫ್ ತಿರುಗಿದರೂ ಇಂಜಿನ್ ಅಲುಗದೆ ಬರೀ ಮೊರೆಯುವ ಸದ್ದು ಬಂದರೆ, ಸೆಲ್ಫನ್ನು ಫ್ಲೈವೀಲಿಗೆ ಕಚ್ಚಿಸುವ ಬೆಂಡಿಕ್ಸ್ ಹಲ್ಲು ಮುಂದಕ್ಕೆ ಬರುತ್ತಿಲ್ಲ ಎಂದು ತಿಳಿಯಬೇಕು. ಅದರ ದಂಡವನ್ನು ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಬೇಕೇ ಹೊರತು ಎಣ್ಣೆ ಸವರಬಾರದು, ಎಣ್ಣೆಗೆ ಧೂಳು ಅಂಟಿ ಅದು ಮತ್ತೆ ಬಿಗಿದುಕೊಳ್ಳುತ್ತದೆ. ಕೆಲವೊಮ್ಮೆ ಮಾತ್ರ ಕರಕರ ಎಂದು ಹಲ್ಲು ಜಾರಿದರೆ ಫ್ಲೈವೀಲಿನ ಅಂಚಿನಲ್ಲಿರುವ ಹಲ್ಲಿನ ಬಳೆ, ಅಂದರೆ ರಿಂಗ್ ಗೇರ್, ಸವೆದಿರುತ್ತದೆ. ಆರು ಸಿಲಿಂಡರಿನ ಇಂಜಿನ್ ಆರಿಸಿದಾಗ ಕಂಪ್ರೆಷನ್ನಿನ ಒತ್ತಡದಿಂದ ಫ್ಲೈವೀಲ್ ಮೂರೇ ಜಾಗಗಳಲ್ಲಿ ಬಂದು ನಿಲ್ಲುವುದು ರೂಢಿ, ನಾಲ್ಕು ಸಿಲಿಂಡರಿನದಾದರೆ ಎರಡೇ ಜಾಗಗಳಲ್ಲಿ. ವರ್ಷಗಟ್ಟಲೆ ಅದೇ ಹಲ್ಲುಗಳಿಗೆ ಏಟು ಬಿದ್ದು ಅವು ಮಾತ್ರ ಮೊಂಡಾಗುತ್ತವೆ. ಹ್ಯಾಂಡಲ್ಲಿನಿಂದ ಇಂಜಿನನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿ ಸೆಲ್ಫ್ ಒತ್ತಿದರೆ ಕಚ್ಚಿಕೊಂಡಿತೆಂದರೆ ಕಾರಣ ಇದೇ.

ಹ್ಯಾಂಡಲ್ಲಿನ ಮಾತು ಬಂದದ್ದರಿಂದ ಇದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಗೇರ್ ನ್ಯೂಟ್ರಲ್ಲಿನಲ್ಲಿರಬೇಕು, ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು, ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಪಕ್ಕದಲ್ಲಿಯೇ ಇರಬೇಕು, ಹ್ಯಾಂಡಲನ್ನು ಸುತ್ತುವರಿದು ಹಿಡಿಯಬಾರದು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಟೈಮಿಂಗ್ ಮುಂದಿದ್ದು ಇಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಯಿಂದ ಬಿಡಿಸಿಕೊಂಡು ಹೋಗಲಿ. ಹೆಬ್ಬೆರಳು ಸುತ್ತಿದ್ದರೆ ಮೂಳೆ ಮುರಿಯುತ್ತದೆ.

ಇಂಜಿನ್ ಚುರುಕಾಗಿ ತಿರುಗುತ್ತಿದ್ದು, ಕಾಯಿಲಿಗೆ ಸಾಕಷ್ಟು ವೋಲ್ಟ್ ಸಿಗುತ್ತಿದ್ದರೂ ಕಿಡಿ ಇಲ್ಲವಾದರೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆರೆಯಬೇಕು. ವರ್ಷಗಟ್ಟಲೆ ನಿಂತ ಲಾರಿಯಲ್ಲಿ ನಾನು ಮೊದಲು ನೋಡುವುದು ಪಾಯಿಂಟ್. ಟಂಗ್‌ಸ್ಟನ್ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟಿಕೊಂಡು, ಪಾಯಿಂಟ್ ಮುಚ್ಚಿದ್ದರೂ ವಿದ್ಯುತ್ತು ಹರಿಯುವುದಿಲ್ಲ. ತೀರ ನುಣುಪಾದ ಪಾಯಿಂಟ್ ಫೈಲಿನಿಂದ ಎರಡು ಸಲ ಉಜ್ಜಿ, ಆಮೇಲೆ ಶುಭ್ರವಾದ ದಪ್ಪ ಕಾಗದದ ಚೂರೊಂದನ್ನು ಪಾಯಿಂಟಿನ ನಡುವೆ ಇಟ್ಟು ಎಳೆಯಬೇಕು. ಕಾಗದದ ಮೇಲೆ ಬೂದು ಗೆರೆ ಮೂಡುತ್ತದೆ. ಗೆರೆ ಮೂಡದಂತಾಗುವವರೆಗೆ ಹೊಸ ಹೊಸ ಕಾಗದ ಎಳೆಯಬೇಕು. ಎಮರಿ ಕಾಗದ ಬಳಸಿದರೆ ಅದರ ಹರಳುಗಳು ಪಾಯಿಂಟಿನಲ್ಲಿ ಕಚ್ಚಿಕೊಂಡು ಹೊಸ ತೊಂದರೆ ತರುತ್ತವೆ. ಗ್ಯಾಪ್ ಬಹುತೇಕ ಹಳೆಯ ಇಂಜಿನ್‌ಗಳಲ್ಲಿ 0.4ರಿಂದ 0.5 ಮಿಲಿಮೀಟರ್ ಇರುತ್ತದೆ, ನಿಖರವಾದ ಅಳತೆಯನ್ನು ಆಯಾ ಇಂಜಿನಿನ ಕೈಪಿಡಿಯಲ್ಲಿ ನೋಡಬೇಕು. ಕ್ಯಾಮಿಗೆ ತಾಗುವ ಫೈಬರ್ ತುಂಡು ಸವೆದಂತೆಲ್ಲ ಗ್ಯಾಪ್ ಕಿರಿದಾಗುತ್ತದೆ, ಗ್ಯಾಪ್ ಕಿರಿದಾದಂತೆಲ್ಲ ಪಾಯಿಂಟ್ ತಡವಾಗಿ ತೆರೆದು ಟೈಮಿಂಗ್ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಗ್ಯಾಪ್ ಸರಿಪಡಿಸದೆ ಟೈಮಿಂಗ್ ಕೂರಿಸುವುದು ವ್ಯರ್ಥ. ಈ ಕ್ರಮವನ್ನು ತಲೆಕೆಳಗು ಮಾಡಿ ನಾನು ಒಂದು ಇಡೀ ದಿನ ಕಳೆದಿದ್ದೇನೆ.

ಪಾಯಿಂಟಿನಲ್ಲಿ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಕೆಟ್ಟರೆ ಅದರ ನಡುವೆ ಕಣ್ಣು ಕುಕ್ಕುವ ಕಿಡಿ ಹಾರುತ್ತದೆ, ಪ್ಲಗ್ಗಿನಲ್ಲಿ ಮಾತ್ರ ಹಳದಿ ಬಣ್ಣದ ಸೊರಗಿದ ಕಿಡಿ ಬರುತ್ತದೆ. ಕಂಡೆನ್ಸರ್ ತಣ್ಣಗಿರುವಾಗ ಮೀಟರಿನಲ್ಲಿ ಸರಿಯಾದ 0.2 ಅಥವಾ 0.25 ಮೈಕ್ರೋಫ್ಯಾರಡ್ ತೋರಿಸಿ, ಬಿಸಿಯಾದಾಗ ಕೈಕೊಡಬಲ್ಲದು. ಹೊಸದು ಎಂದ ಮಾತ್ರಕ್ಕೆ ಒಳ್ಳೆಯದು ಎಂದು ನಂಬಬಾರದು. ಕೆಲಸ ಮಾಡುತ್ತಿರುವ ಹಳೆಯ ಕಂಡೆನ್ಸರನ್ನು ಎಸೆಯದೆ ಡಬ್ಬಿಯಲ್ಲಿ ಇಟ್ಟುಕೊಳ್ಳುವುದು ನನ್ನ ಅಭ್ಯಾಸ. ಹನ್ನೆರಡು ವೋಲ್ಟಿನ ಲಾರಿಗಳಲ್ಲಿ ಕಾಯಿಲಿಗೆ ಹೋಗುವ ವಿದ್ಯುತ್ತನ್ನು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಇರಬಹುದು. ಸೆಲ್ಫ್ ಹೊಡೆಯುವಾಗ ಅದನ್ನು ದಾಟಿಸಿ ನೇರವಾಗಿ ವಿದ್ಯುತ್ತು ಕೊಡುವ ಏರ್ಪಾಡು ಇರುತ್ತದೆ. ಸೆಲ್ಫ್ ಹೊಡೆಯುವಾಗ ಹೊತ್ತಿಕೊಂಡು, ಕೀಲಿ ಬಿಟ್ಟ ತಕ್ಷಣ ಇಂಜಿನ್ ಸತ್ತರೆ ಆ ರೆಸಿಸ್ಟರ್ ಸುಟ್ಟಿರುವ ಸಾಧ್ಯತೆ ಬಹಳ ಹೆಚ್ಚು. ಇದು ನನ್ನ ಲಾರಿಯ ಲಕ್ಷಣಕ್ಕೆ ತದ್ವಿರುದ್ಧ ಎಂಬುದನ್ನು ಗಮನಿಸಿ. ಹೊತ್ತಿಕೊಳ್ಳುವುದು ಯಾವ ಕ್ಷಣದಲ್ಲಿ ಎಂಬ ಒಂದೇ ಸಂಗತಿ ಎರಡು ಬೇರೆ ಬೇರೆ ದೋಷಗಳನ್ನು ಹೀಗೆ ಬೇರ್ಪಡಿಸುತ್ತದೆ.

ಪೆಟ್ರೋಲಿನ ವಿಷಯಕ್ಕೆ ಬಂದರೆ, ಟ್ಯಾಂಕಿನಲ್ಲಿ ಇದೆ ಎನ್ನುವುದೂ ಕಾರ್ಬೊರೇಟರಿಗೆ ಬರುತ್ತಿದೆ ಎನ್ನುವುದೂ ಒಂದೇ ಅಲ್ಲ. ಏರ್ ಕ್ಲೀನರ್ ತೆಗೆದು, ಇಂಜಿನ್ ನಿಂತಿರುವಾಗ ಕಾರ್ಬೊರೇಟರಿನ ಬಾಯೊಳಗೆ ನೋಡುತ್ತಾ ಆಕ್ಸಿಲರೇಟರನ್ನು ಒಮ್ಮೆ ಒತ್ತಬೇಕು. ಸಣ್ಣ ನಳಿಗೆಯಿಂದ ಪೆಟ್ರೋಲ್ ಚಿಮ್ಮಿದರೆ ಬಟ್ಟಲಿನಲ್ಲಿ ಪೆಟ್ರೋಲ್ ಇದೆ. ಆದರೆ ಇದೂ ನಿಂತ ಇಂಜಿನಿನ ಪರೀಕ್ಷೆಯೇ. ಬಟ್ಟಲಿನಲ್ಲಿದ್ದದ್ದು ಮುಗಿದ ಮೇಲೆ ಹೊಸದು ಬರುತ್ತದೆಯೇ ಎಂಬುದನ್ನು ಅದು ಹೇಳುವುದಿಲ್ಲ, ಹೊತ್ತಿಕೊಂಡು ಸ್ವಲ್ಪ ಹೊತ್ತಿನಲ್ಲೇ ನಿಂತುಹೋಗುವ ಇಂಜಿನಿನ ಕಥೆ ಸಾಮಾನ್ಯವಾಗಿ ಇಲ್ಲೇ ಇರುತ್ತದೆ. ಅದಕ್ಕಾಗಿ ಕಾರ್ಬೊರೇಟರಿಗೆ ಬರುವ ಪೈಪನ್ನು ಬಿಚ್ಚಿ, ಒಂದು ಬಾಟಲಿಯೊಳಗೆ ಬಿಟ್ಟು, ಕಾಯಿಲಿನ ವೈರ್ ತೆಗೆದಿಟ್ಟು ಸೆಲ್ಫ್ ಹೊಡೆಸಬೇಕು. ಇಂಜಿನ್ ತಿರುಗಿದಂತೆ ಪೆಟ್ರೋಲ್ ನಾಡಿಯ ಬಡಿತದ ಹಾಗೆ ಬಿಟ್ಟು ಬಿಟ್ಟು, ಬಲವಾಗಿ ಬೀಳಬೇಕು. ಜೊಲ್ಲಿನಂತೆ ಜಿನುಗಿದರೆ ಪಂಪಿನ ಡಯಾಫ್ರಂ ಸಡಿಲವಾಗಿದೆ, ಅಥವಾ ಪಂಪಿಗೆ ಬರುವ ದಾರಿ ಕಟ್ಟಿದೆ. ಡಯಾಫ್ರಂ ಹರಿದಿದ್ದರೆ ಪೆಟ್ರೋಲ್ ಇಂಜಿನ್ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದು ಮೂಸಿ ನೋಡಿದರೆ ಗೊತ್ತಾಗುತ್ತದೆ, ವಾಸನೆ ಬಂದರೆ ಆಯಿಲ್ ಬದಲಿಸುವವರೆಗೆ ಇಂಜಿನ್ ಓಡಿಸಬಾರದು.

ನಾನು ಕಂಡ ಒಂದು ಪ್ರಕರಣದಲ್ಲಿ ಪಂಪ್ ಸರಿಯಿತ್ತು, ಪೈಪ್ ಸರಿಯಿತ್ತು, ಕಾರ್ಬೊರೇಟರ್ ಸರಿಯಿತ್ತು. ಹತ್ತು ನಿಮಿಷ ಓಡಿ ಇಂಜಿನ್ ನಿಲ್ಲುತ್ತಿತ್ತು, ಅರ್ಧ ಗಂಟೆ ಬಿಟ್ಟರೆ ತಾನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಬಿಟ್ಟ ಸೂಜಿಮೊನೆಯಷ್ಟು ರಂಧ್ರ ಬಣ್ಣದಿಂದ ಮುಚ್ಚಿಹೋಗಿತ್ತು. ಪೆಟ್ರೋಲ್ ಖಾಲಿಯಾದಂತೆ ಟ್ಯಾಂಕಿನೊಳಗೆ ಗಾಳಿಯ ಒತ್ತಡ ಕುಸಿದು, ಪಂಪಿಗೆ ಎಳೆಯಲಾಗದಂತಾಗುತ್ತಿತ್ತು. ಮುಚ್ಚಳ ತಿರುಗಿಸಿದಾಗ ಉಸ್ ಎಂದು ಗಾಳಿ ಒಳನುಗ್ಗಿದ ಸದ್ದು ನನಗೆ ಇಂದಿಗೂ ನೆನಪಿದೆ. ಹೊಸ ಬಣ್ಣ ಹಳೆಯ ಲಾರಿಗೆ ತರುವ ತೊಂದರೆಗಳ ಪಟ್ಟಿಯನ್ನೇ ಬರೆಯಬಹುದು. ಹಳೆಯ ರಬ್ಬರ್ ಹೋಸುಗಳು ಇನ್ನೊಂದು ಮೋಸ. ಎಥನಾಲ್ ಬೆರೆತ ಇಂದಿನ ಪೆಟ್ರೋಲಿಗೆ ಅವು ಒಳಗಿನಿಂದ ಊದಿಕೊಂಡು ದಾರಿ ಮುಚ್ಚುತ್ತವೆ, ಹೊರಗಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶವೇ ಹಾರಿಹೋಗಿರುತ್ತದೆ. ಅದು ಉರಿಯಬಹುದು, ಆದರೆ ತಣ್ಣಗಿನ ಇಂಜಿನನ್ನು ಹೊತ್ತಿಸಲಾರದು. ವಾರ್ನಿಷ್ ವಾಸನೆ ಬಂದರೆ ಪೂರ್ತಿ ಬಸಿದು ಹೊಸದು ಹಾಕುವುದೊಂದೇ ದಾರಿ.

ಓಡಿಸಿ ನಿಲ್ಲಿಸಿದ ಬಿಸಿ ಇಂಜಿನ್ ಕಾಲು ಗಂಟೆಯ ನಂತರ ಸ್ಟಾರ್ಟ್ ಆಗದಿದ್ದರೆ ಕಾರಣ ಹೆಚ್ಚಾಗಿ ಇದಕ್ಕೆ ವಿರುದ್ಧವಾದದ್ದು. ಬ್ಲಾಕಿನ ಕಾವಿಗೆ ಕಾರ್ಬೊರೇಟರಿನ ಬಟ್ಟಲಿನಲ್ಲಿ ಪೆಟ್ರೋಲ್ ಕುದಿದು ಮ್ಯಾನಿಫೋಲ್ಡಿಗೆ ಉಕ್ಕಿರುತ್ತದೆ. ಚೋಕ್ ಎಳೆಯದೆ, ಆಕ್ಸಿಲರೇಟರನ್ನು ಪದೇ ಪದೇ ಒತ್ತದೆ, ಒಂದೇ ಸಲ ತಳದವರೆಗೆ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಹೆಚ್ಚಾದದ್ದು ಹೊರಹೋಗಿ ಹೊತ್ತಿಕೊಳ್ಳುತ್ತದೆ. ಪಂಪ್ ಇಂಜಿನಿನ ಮೇಲ್ಭಾಗದ ಕಾವಿನಲ್ಲಿಯೇ ಕೂತಿರುವ, 1932ರಲ್ಲಿ ಬಂದ ಫೋರ್ಡ್ ಫ್ಲಾಟ್‌ಹೆಡ್ ವಿ-8ರಂಥ ಇಂಜಿನ್‌ಗಳಲ್ಲಿ ಪೈಪಿನೊಳಗೇ ಪೆಟ್ರೋಲ್ ಆವಿಯಾಗಿ ಪಂಪ್ ಬರಿ ಆವಿಯನ್ನು ಎಳೆಯುವುದೂ ಉಂಟು. ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ ಐದು ನಿಮಿಷ ಕಾಯುವುದು ಹಳೆಯ ಚಾಲಕರ ಉಪಾಯ, ಇಂದಿಗೂ ಫಲ ಕೊಡುತ್ತದೆ.

ಕಿಡಿಯೂ ಪೆಟ್ರೋಲೂ ಸರಿಯಿದ್ದಾಗ ಮಾತ್ರ ನಾನು ಕಂಪ್ರೆಷನ್ ನೋಡುತ್ತೇನೆ. ಎಲ್ಲ ಪ್ಲಗ್ ತೆಗೆದು, ಆಕ್ಸಿಲರೇಟರ್ ಪೂರ್ತಿ ತೆರೆದು, ಒಂದೊಂದೇ ಸಿಲಿಂಡರಿಗೆ ಗೇಜ್ ಹಾಕಿ ಸೆಲ್ಫ್ ಹೊಡೆಸಬೇಕು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಬಹುಕಾಲ ನಿಂತ ಇಂಜಿನಿನಲ್ಲಿ ವಾಲ್ವ್ ಗೈಡಿನಲ್ಲೇ ಕಚ್ಚಿಕೊಂಡಿರುವುದು ತೀರ ಸಾಮಾನ್ಯ. ಅಂಥ ಇಂಜಿನನ್ನು ಮೊದಲ ಸಲ ಸೆಲ್ಫಿನಿಂದ ತಿರುಗಿಸುವುದು ಅದಕ್ಕೆ ಮಾಡುವ ಅನ್ಯಾಯ. ಪ್ಲಗ್ ತೆಗೆದು ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಟ್ಟು, ಹ್ಯಾಂಡಲ್ಲಿನಿಂದ ಎರಡು ಪೂರ್ಣ ಸುತ್ತು ಮೆತ್ತಗೆ ತಿರುಗಿಸಬೇಕು. ಎಲ್ಲಾದರೂ ತಡೆದರೆ ಅಲ್ಲಿಯೇ ನಿಲ್ಲಿಸಿ ವಾಲ್ವ್ ಕವರ್ ತೆರೆಯಬೇಕು. ಬಲವಂತ ಮಾಡಿದರೆ ಪುಶ್ ರಾಡ್ ಬಾಗುತ್ತದೆ. ಪ್ಲಗ್ ಇಲ್ಲದೆಯೇ ಸೆಲ್ಫ್ ಹೊಡೆದು, ಆಯಿಲ್ ಗೇಜಿನ ಮುಳ್ಳು ಎದ್ದ ಮೇಲೆಯೇ ಪ್ಲಗ್ ಹಾಕಬೇಕು. ಯಾವ ಪರೀಕ್ಷೆಯಾದರೂ ಒಂದೇ ಬಾರಿಗೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯದೆ, ನಡುವೆ ಒಂದೆರಡು ನಿಮಿಷ ಮೋಟಾರ್ ಆರಲು ಬಿಡಬೇಕು.

ಡೀಸೆಲ್ ಲಾರಿಯಲ್ಲಿ ಕಿಡಿಯ ಗೊಡವೆಯಿಲ್ಲ, ಆದರೆ ಕ್ರಮ ಅದೇ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಸೈಲೆನ್ಸರಿನ ಬಾಯಿ ನೋಡಬೇಕು. ಹೊಗೆಯೇ ಬಾರದಿದ್ದರೆ ಸಿಲಿಂಡರಿಗೆ ಡೀಸೆಲ್ ಹೋಗುತ್ತಿಲ್ಲ. ಬಿಳಿಯ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಉರಿಯಲು ಬೇಕಾದ ಕಾವು ಇಲ್ಲ. ಈ ಒಂದು ನೋಟ ಅರ್ಧ ದಿನದ ಕೆಲಸವನ್ನು ಉಳಿಸುತ್ತದೆ.

ಹೊಗೆ ಇಲ್ಲದಿದ್ದರೆ ಮೊದಲು ನೋಡಬೇಕಾದದ್ದು ಇಂಜಿನ್ ಆರಿಸಲು ಎಳೆಯುವ ಸ್ಟಾಪ್ ಕೇಬಲ್. ಎಳೆದದ್ದು ಹಿಂದಕ್ಕೆ ಬಾರದೆ ತುಕ್ಕಿನಲ್ಲಿ ಸಿಕ್ಕಿಕೊಂಡಿದ್ದರೆ ಪಂಪ್ ಡೀಸೆಲ್ ಕೊಡುವುದೇ ಇಲ್ಲ, ಎಷ್ಟು ಏರ್ ತೆಗೆದರೂ ಪ್ರಯೋಜನವಿಲ್ಲ. ಆಮೇಲೆ ಏರ್ ತೆಗೆಯಬೇಕು: ಮೊದಲು ಫಿಲ್ಟರಿನ ಸ್ಕ್ರೂ, ನಂತರ ಪಂಪಿನದು, ಕೊನೆಗೆ ಸೆಲ್ಫ್ ಹೊಡೆಯುತ್ತಾ ನಾಝಲ್ ಪೈಪಿನ ನಟ್ಟುಗಳು. ಗುಳ್ಳೆ ನಿಂತು ಗಟ್ಟಿ ಧಾರೆ ಬಂದ ಮೇಲೆ ಬಿಗಿಯಬೇಕು. ಒಮ್ಮೆ ಏರ್ ತೆಗೆದರೆ ಓಡಿ, ಮರುದಿನ ಬೆಳಿಗ್ಗೆ ಮತ್ತೆ ಏರ್ ಹಿಡಿಯುವ ಲಾರಿಗಳಿವೆ. ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿ ಎಳೆತವಿರುವುದರಿಂದ ಅಲ್ಲಿ ಬಿರುಕಿದ್ದರೆ ಓಡುವಾಗ ಡೀಸೆಲ್ ಹೊರಗೆ ಸೋರುವ ಬದಲು ಗಾಳಿ ಒಳಗೆ ಹೋಗುತ್ತದೆ, ನೆಲದ ಮೇಲೆ ಒಂದು ಹನಿಯೂ ಕಾಣದೆ ಹೋಗಬಹುದು. ಅಂಥ ಕಡೆ ತಾತ್ಕಾಲಿಕವಾಗಿ ಪಾರದರ್ಶಕ ಹೋಸಿನ ತುಂಡೊಂದನ್ನು ಜೋಡಿಸಿ, ಸೆಲ್ಫ್ ಹೊಡೆಯುವಾಗ ಅದರೊಳಗೆ ಗುಳ್ಳೆ ಓಡುತ್ತದೆಯೇ ಎಂದು ನೋಡಬೇಕು. ತುಂಡನ್ನು ಟ್ಯಾಂಕಿನ ಕಡೆಗೆ ಒಂದೊಂದೇ ಜೋಡಣೆ ದಾಟಿಸುತ್ತಾ ಹೋದರೆ, ಗುಳ್ಳೆ ಕಾಣದಾದ ಜೋಡಣೆಗೂ ಅದರ ಹಿಂದಿನದಕ್ಕೂ ನಡುವೆ ಬಿರುಕು ಇರುತ್ತದೆ.

ಬಿಳಿ ಹೊಗೆ ಬಂದರೆ ಇಂಜಿನ್ ತಿರುಗುವ ವೇಗವನ್ನೂ, ಸ್ಟಾರ್ಟ್ ಮಾಡುವ ಮುನ್ನ ಸಿಲಿಂಡರನ್ನು ಕಾಯಿಸುವ ಹೀಟರ್ ಪ್ಲಗ್ಗುಗಳನ್ನೂ ಅನುಮಾನಿಸಬೇಕು. ಡೀಸೆಲ್ ಹೊತ್ತಿಕೊಳ್ಳುವುದು ಒತ್ತಿ ಹಿಡಿದ ಗಾಳಿಯ ಕಾವಿನಿಂದ. ನಿಧಾನವಾಗಿ ತಿರುಗಿದರೆ ಗಾಳಿ ರಿಂಗಿನ ಸಂದಿನಿಂದ ಸೋರುತ್ತದೆ, ಕಾವು ಸಿಲಿಂಡರಿನ ಗೋಡೆಗೆ ಹೋಗುತ್ತದೆ. ಆದ್ದರಿಂದ ಡೀಸೆಲ್ಲಿಗೆ ಮೇಲೆ ಹೇಳಿದ ಕೇಬಲ್ ಮತ್ತು ಅರ್ಥ್ ಪರೀಕ್ಷೆಗಳು ಪೆಟ್ರೋಲಿಗಿಂತ ಹೆಚ್ಚು ಮುಖ್ಯ. ಹಳೆಯ ಕೆಲವು ಇಂಜಿನ್‌ಗಳಲ್ಲಿ ಸುರುಳಿ ತಂತಿಯ ಹೀಟರ್ ಪ್ಲಗ್ಗುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸಿ, ಅದೇ ಸರಣಿಯಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಕೆಂಪಗೆ ಕಾಯುವ ಪುಟ್ಟ ಸುರುಳಿಯೊಂದನ್ನು ಇಟ್ಟಿರುತ್ತಾರೆ. ಒಂದು ಪ್ಲಗ್ ಸುಟ್ಟರೆ ಉಳಿದವೂ ತಣ್ಣಗಾಗುತ್ತವೆ, ಡ್ಯಾಶಿನ ಸುರುಳಿ ಕೆಂಪಾಗುವುದೇ ಇಲ್ಲ. ಒಂದು ಪ್ಲಗ್ ಶಾರ್ಟ್ ಆಗಿದ್ದರೆ ಆ ಸುರುಳಿ ಎಂದಿಗಿಂತ ಬೇಗ, ಎಂದಿಗಿಂತ ಬೆಳ್ಳಗೆ ಕಾಯುತ್ತದೆ. ಹೀಟರ್ ಪ್ಲಗ್ ಇರುವ ಇಂಜಿನಿಗೆ ಈಥರ್ ಸ್ಪ್ರೇ ಎಂದಿಗೂ ಹೊಡೆಯಬಾರದು. ಬಿಸಿ ಸುರುಳಿ ತಗಲಿ ಅದು ಪಿಸ್ಟನ್ ಮೇಲೇರುವ ಮೊದಲೇ ಸಿಡಿದು ರಿಂಗನ್ನೂ ಪಿಸ್ಟನ್ನನ್ನೂ ಒಡೆಯುತ್ತದೆ.

ನನ್ನ ಲಾರಿ ಸ್ಟಾರ್ಟ್ ಆದ ಮರುವಾರ, ಎಲ್ಲವೂ ಸರಿಯಿದ್ದಾಗಲೇ, ತಮ್ಮನನ್ನು ಮತ್ತೆ ಕರೆದು ಪೆಡಲ್ ಮೇಲೆ ಕೂರಿಸಿ ಇಡೀ ಅಳತೆಯನ್ನು ಮೊದಲಿನಿಂದ ಮಾಡಿದೆ. ಕೆಟ್ಟಾಗ ಹೋಲಿಸಿ ನೋಡಲು ಆರೋಗ್ಯವಾಗಿದ್ದಾಗಿನ ಅಂಕಿಗಳು ಬೇಕು, ಅವು ಯಾವ ಕೈಪಿಡಿಯಲ್ಲಿಯೂ ಸಿಗುವುದಿಲ್ಲ. ದಪ್ಪ ಕಾಗದದ ಮೇಲೆ ಬರೆದು ಚಾಲಕನ ಬಾಗಿಲಿನ ಒಳಮೈಗೆ ಅಂಟಿಸಿದ್ದೇನೆ: ಸೆಲ್ಫ್ ಹೊಡೆಯುವಾಗ ಬ್ಯಾಟರಿ 5.2, ಕಾಯಿಲ್ 4.8, ಅರ್ಥ್ ಕಡೆ 0.1, ಕೇಬಲ್ ಕಡೆ 0.2, ಪಾಯಿಂಟ್ ಗ್ಯಾಪ್ 0.45, ಆರು ಸಿಲಿಂಡರುಗಳ ಕಂಪ್ರೆಷನ್ ಕ್ರಮವಾಗಿ. ಕೆಳಗೆ ದಿನಾಂಕ ಹಾಕಿ, ಮುಂದಿನ ಅಳತೆಗಾಗಿ ಪಕ್ಕದಲ್ಲಿ ಇನ್ನೊಂದು ಸಾಲನ್ನು ಖಾಲಿ ಬಿಟ್ಟಿದ್ದೇನೆ.